ಗಡಿ ದಾಟುವ ಮಾವು: ಕೋಲಾರದ ಹಣ್ಣಿನ ರಫ್ತನ್ನು ನಿರ್ಧರಿಸುವ ಸಂಗತಿಗಳು

2025ರ ಜೂನ್ 7ರಂದು ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತವು ಒಂದು ಆದೇಶ ಹೊರಡಿಸಿತು. ಹೊರ ರಾಜ್ಯಗಳ ತೋತಾಪುರಿ ಮಾವು ಜಿಲ್ಲೆಯ ಗಡಿಯೊಳಗೆ ಬರಕೂಡದೆಂಬುದು ಅದರ ತಿರುಳು. ಗಡಿಯ ತನಿಖಾ ಠಾಣೆಗಳಲ್ಲಿ ಕಂದಾಯ, ಪೊಲೀಸ್, ಅರಣ್ಯ ಇಲಾಖೆಗಳ ಸಿಬ್ಬಂದಿ ಕಾವಲು ನಿಂತರು. ಮುಳಬಾಗಿಲು ಮತ್ತು ಶ್ರೀನಿವಾಸಪುರದ ಕಡೆಯಿಂದ ಹೊರಟ ಹಣ್ಣಿಗೆ ಅತ್ತ ದಾರಿ ಇಲ್ಲವಾಯಿತು. ಕೆಲವೇ ದಿನಗಳಲ್ಲಿ ಶ್ರೀನಿವಾಸಪುರದ ಮಂಡಿಗಳಲ್ಲಿ ತೋತಾಪುರಿಯ ದರ ಕಿಲೋಗೆ ಐದಾರು ರೂಪಾಯಿಗೂ, ಕೆಲವು ಲಾಟುಗಳಲ್ಲಿ ಅದಕ್ಕಿಂತ ಕೆಳಕ್ಕೂ ಕುಸಿಯಿತು. ಪಟ್ಟಣದಲ್ಲಿ ಬಂದ್ ನಡೆಯಿತು. ಬೆಳೆಗಾರರು ಹಣ್ಣನ್ನು ರಸ್ತೆಗೆ ಸುರಿದು ಪ್ರತಿಭಟಿಸಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದು, ಆದೇಶ ಹಿಂಪಡೆಯುವಂತೆ ಕೋರಿದರು.

ಇದನ್ನು ಎರಡು ನೆರೆ ರಾಜ್ಯಗಳ ಜಗಳವೆಂದು ಓದಿ ಮರೆತವರೇ ಹೆಚ್ಚು. ಆದರೆ ನೆರೆಯ ಜಿಲ್ಲೆಯೊಂದರ ಅಧಿಕಾರಿಯ ಸಹಿಯಿಂದ ಇಲ್ಲಿನ ದರ ಅಷ್ಟು ಬೇಗ ನೆಲ ಕಚ್ಚಲು ಕಾರಣವೇನು? ನಮ್ಮ ಹಣ್ಣು ಕೊನೆಗೆ ಎಲ್ಲಿಗೆ ಹೋಗಿ ಸೇರುತ್ತದೆಂಬುದನ್ನು ಹಿಂಬಾಲಿಸಿ ನೋಡಿದರೆ ಉತ್ತರ ದೊರೆಯುತ್ತದೆ. ತೋತಾಪುರಿ ತಟ್ಟೆಯಲ್ಲಿಟ್ಟು ತಿನ್ನುವುದಕ್ಕಿಂತ ಹೆಚ್ಚಾಗಿ ಕಾರ್ಖಾನೆಗೆ ಹೋಗುವ ಹಣ್ಣು. ತಿರುಳು ತೆಗೆಯುವ ಕಾರ್ಖಾನೆಗಳು ದಟ್ಟವಾಗಿ ನೆಲೆಗೊಂಡಿರುವುದು ಗಡಿಯಾಚೆಯ ಚಿತ್ತೂರಿನಲ್ಲಿ ಮತ್ತು ತಮಿಳುನಾಡಿನ ಕೃಷ್ಣಗಿರಿಯಲ್ಲಿ. ಅಲ್ಲಿಂದ ಆ ತಿರುಳು ಪೀಪಾಯಿಗಳಲ್ಲಿ ತುಂಬಿ ಚೆನ್ನೈ ಬಂದರಿಗೆ, ಅಲ್ಲಿಂದ ಸೌದಿ ಅರೇಬಿಯಾ, ಯೆಮೆನ್, ಕುವೈತ್, ನೆದರ್ಲೆಂಡ್ಸ್‌ಗಳಿಗೆ ಸಾಗುತ್ತದೆ. ದೇಶದೊಳಗಿನ ತಂಪು ಪಾನೀಯ ಕಂಪನಿಗಳಿಗೂ ಅದೇ ತಿರುಳು ಬೇಕು. ಹೀಗಾಗಿ ರಾಯಲ್ಪಾಡಿನ ರೈತನು ತನಗೇ ತಿಳಿಯದೆ ಒಬ್ಬ ರಫ್ತುದಾರ. ಬೇರೆಯವರ ಹೆಸರಿನಲ್ಲಿ ರಫ್ತು ಮಾಡುತ್ತಿರುವವನು, ಅಷ್ಟೆ.

ಮಾತಿನ ನಡುವೆ ಒಂದು ವಿಚಿತ್ರವನ್ನೂ ಹೇಳಿಬಿಡಬೇಕು. ಆಂಧ್ರ, ತಮಿಳುನಾಡುಗಳಲ್ಲಿ ತೋತಾಪುರಿಗೆ ಇರುವ ಹಳೆಯ ಹೆಸರು ‘ಬೆಂಗಳೂರ’. ಬೆಂಗಳೂರಿನ ಹೆಸರು ಹೊತ್ತ ಹಣ್ಣಿಗೇ ಆ ವರ್ಷ ಬೆಂಗಳೂರಿನ ಕಡೆಯಿಂದ ಬರಬೇಡವೆಂದು ಹೇಳಲಾಯಿತು.

ದೂರ, ದುಡ್ಡು ಮತ್ತು ಭಾಷೆ

ಎರಡು ದೇಶಗಳ ನಡುವೆ ಎಷ್ಟು ವ್ಯಾಪಾರ ನಡೆಯುತ್ತದೆಂಬುದನ್ನು ಅಂದಾಜು ಮಾಡಲು ಅರ್ಥಶಾಸ್ತ್ರಜ್ಞರು ಬಳಸುವ ಒಂದು ಸೂತ್ರವಿದೆ. ನೆದರ್ಲೆಂಡ್ಸ್‌ನ ಯಾನ್ ಟಿನ್‌ಬರ್ಗೆನ್ ಅವರು 1962ರಲ್ಲಿ ಅದನ್ನು ಪ್ರಚಾರಕ್ಕೆ ತಂದರು. ಅರ್ಥಶಾಸ್ತ್ರಕ್ಕೆ ನೊಬೆಲ್ ಗೌರವ ಆರಂಭವಾದ 1969ರಲ್ಲೇ ಅದನ್ನು ಹಂಚಿಕೊಂಡವರು ಅವರು. ನ್ಯೂಟನ್ನನ ಗುರುತ್ವಾಕರ್ಷಣೆಯ ನಿಯಮವನ್ನೇ ಹೋಲುವ ಈ ಸೂತ್ರದ ಪ್ರಕಾರ, ಎರಡು ದೇಶಗಳ ಆರ್ಥಿಕತೆ ದೊಡ್ಡದಾದಷ್ಟೂ ವ್ಯಾಪಾರ ಹೆಚ್ಚು, ನಡುವಿನ ದೂರ ಹೆಚ್ಚಿದಷ್ಟೂ ಕಡಿಮೆ. ಬಳಿಕ ಬಂದವರು ಇದಕ್ಕೆ ಇನ್ನಷ್ಟು ಅಂಶಗಳನ್ನು ಸೇರಿಸಿದರು: ಸಮಾನ ಗಡಿ, ಸಮಾನ ಭಾಷೆ, ವಲಸೆ ಹೋದವರ ಸಂಖ್ಯೆ, ವ್ಯಾಪಾರ ಒಪ್ಪಂದ, ಹಣದ ವಿನಿಮಯ ದರ, ಸುಂಕ, ತಪಾಸಣಾ ನಿಯಮಗಳು.

ಈ ಸೂತ್ರವನ್ನು ನಮ್ಮ ಮಾವಿನ ಮೇಲೆ ಪ್ರಯೋಗಿಸಿದರೆ ಮೊದಲಿಗೆ ಎಲ್ಲವೂ ಸರಿಹೋಗುವಂತೆ ತೋರುತ್ತದೆ. ಕೊಲ್ಲಿ ರಾಷ್ಟ್ರಗಳು ಹತ್ತಿರ, ಶ್ರೀಮಂತ, ಅಲ್ಲಿ ನೆಲೆಸಿರುವ ಭಾರತೀಯರ ಸಂಖ್ಯೆ 90 ಲಕ್ಷದಷ್ಟು. ಸಂಯುಕ್ತ ಅರಬ್ ಸಂಸ್ಥಾನವು ಭಾರತದ ತಾಜಾ ಮಾವಿನ ದೊಡ್ಡ ಗಿರಾಕಿಯಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಭಾಷೆಯ ಅಂಶವಂತೂ ನಮ್ಮ ಗಡಿ ತಾಲ್ಲೂಕುಗಳಲ್ಲಿ ಕಣ್ಣಿಗೆ ಕಟ್ಟುವಂತಿದೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗು ನಡೆಯುತ್ತದೆ. ಮದನಪಲ್ಲಿ, ಪಲಮನೇರು, ಚಿತ್ತೂರುಗಳೊಂದಿಗೆ ಬೀಗತನವಿದೆ, ಸಾಲ-ನಂಬಿಕೆಗಳ ವ್ಯವಹಾರವಿದೆ. ಫೋನಿನಲ್ಲಿ ಒಂದು ಮಾತು ಸಾಕು, ಲಾರಿ ಹೊರಡುತ್ತದೆ. ಗಡಿಯಾಚೆಯ ಕಾರ್ಖಾನೆಯೇ ನಮ್ಮ ಮಾರುಕಟ್ಟೆಯಾಗಿ ಬೆಳೆದದ್ದಕ್ಕೆ ದೂರದ ಜೊತೆಗೆ ಈ ಬಳಕೆಯೂ ಕಾರಣ.

ಗಡಿಯೆಂಬುದು ಎಷ್ಟು ಭಾರವಾದ ವಸ್ತುವೆಂಬುದನ್ನು ಜಾನ್ ಮೆಕಲಮ್ ಎಂಬ ಅರ್ಥಶಾಸ್ತ್ರಜ್ಞರು 1995ರಲ್ಲಿ ತೋರಿಸಿದ್ದರು. 1988ರ ಅಂಕಿಗಳ ಪ್ರಕಾರ ಕೆನಡಾದ ಪ್ರಾಂತ್ಯಗಳು, ಅಷ್ಟೇ ದೂರದ, ಅಷ್ಟೇ ದೊಡ್ಡ ಅಮೆರಿಕನ್ ರಾಜ್ಯಗಳಿಗಿಂತ ತಮ್ಮತಮ್ಮಲ್ಲಿಯೇ 20 ಪಟ್ಟಿಗೂ ಹೆಚ್ಚು ವ್ಯಾಪಾರ ನಡೆಸುತ್ತಿದ್ದವು. ದೇಶದ ಒಳಗೆ ವ್ಯಾಪಾರ ನಿರಾತಂಕ, ಹೊರಗೆ ಕಷ್ಟ ಎಂಬುದು ಅದರ ಅರ್ಥ. ನಮ್ಮ ಸಂವಿಧಾನದ 301ನೇ ವಿಧಿಯೂ ಭಾರತದ ಉದ್ದಗಲಕ್ಕೂ ವ್ಯಾಪಾರ ಮುಕ್ತವಾಗಿರಬೇಕೆಂದೇ ಹೇಳುತ್ತದೆ. ಆದರೆ 2025ರ ಜೂನ್‌ನಲ್ಲಿ ಕೋಲಾರದ ಮಾವಿಗೆ ದುಬೈ ಬಾಗಿಲು ತೆರೆದಿತ್ತು, ಚಿತ್ತೂರಿನ ಬಾಗಿಲು ಮುಚ್ಚಿತ್ತು.

ಚಿತ್ತೂರಿನವರ ಕಡೆಯಿಂದಲೂ ವಿಷಯವನ್ನು ನೋಡಬೇಕಾದದ್ದು ನ್ಯಾಯ. ಅಲ್ಲಿಯೂ ಆ ವರ್ಷ ಫಸಲು ಹೆಚ್ಚು, ಬೆಲೆ ಕಡಿಮೆ. ಕಾರ್ಖಾನೆಗಳು ಕಿಲೋಗೆ 8 ರೂಪಾಯಿ ಕೊಡಬೇಕು, ಸರ್ಕಾರ 4 ರೂಪಾಯಿ ಸೇರಿಸುವುದೆಂದು ಆಂಧ್ರ ಸರ್ಕಾರ ತನ್ನ ರೈತರಿಗೆ ಮಾತು ಕೊಟ್ಟಿತ್ತು. ಹೊರಗಿನಿಂದ ಅಗ್ಗದ ಹಣ್ಣು ಒಳನುಗ್ಗಿದರೆ ಆ ಮಾತು ನಿಲ್ಲುವುದಿಲ್ಲ. ಕಾರ್ಖಾನೆಗಳ ಗೋದಾಮುಗಳಲ್ಲಿ ಹಿಂದಿನ ವರ್ಷದ ತಿರುಳಿನ ಪೀಪಾಯಿಗಳೇ ಖಾಲಿಯಾಗಿರಲಿಲ್ಲ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾಗಿ, ಯೂರೋಪಿಗೆ ಹೋಗುವ ಹಡಗುಗಳು ಆಫ್ರಿಕಾದ ತುದಿಯನ್ನು ಸುತ್ತಿ ಹೋಗತೊಡಗಿದ್ದವು. ದಾರಿ ಉದ್ದವಾಯಿತು, ಬಾಡಿಗೆ ಏರಿತು. ಯೆಮೆನ್ ಕರಾವಳಿಯ ಗುಂಡಿನ ಸದ್ದು ಮುಳಬಾಗಿಲಿನ ತೋಟಕ್ಕೆ ಕೇಳಿಸುವುದು ಹೀಗೆ.

ಹಣ್ಣೋ, ತಿರುಳೋ?

ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಮಾವು ಬೆಳೆಯುವ ದೇಶ; ವಾರ್ಷಿಕ ಉತ್ಪಾದನೆ ಎರಡು ಕೋಟಿ ಟನ್ನಿನ ಆಸುಪಾಸಿನಲ್ಲಿದೆ. ಆದರೆ 2023-24ರಲ್ಲಿ ವಿದೇಶಕ್ಕೆ ಹೋದ ತಾಜಾ ಮಾವು ಕೇವಲ 32 ಸಾವಿರ ಟನ್. ಸಾವಿರ ಹಣ್ಣು ಬೆಳೆದರೆ ಎರಡು ಹಣ್ಣು ಕೂಡ ಹೊರಗೆ ಹೋಗುವುದಿಲ್ಲವೆಂದಾಯಿತು. 2020-21ರ ಲೆಕ್ಕ ತೆಗೆದುಕೊಂಡರೆ ವ್ಯತ್ಯಾಸ ಇನ್ನೂ ಸ್ಪಷ್ಟ: ತಾಜಾ ಹಣ್ಣು 21 ಸಾವಿರ ಟನ್, ಮೌಲ್ಯ ಸುಮಾರು 272 ಕೋಟಿ ರೂಪಾಯಿ; ತಿರುಳು 98 ಸಾವಿರ ಟನ್, ಮೌಲ್ಯ ಸುಮಾರು 714 ಕೋಟಿ. ಕಿಲೋ ಲೆಕ್ಕದಲ್ಲಿ ತಾಜಾ ಹಣ್ಣಿಗೆ 129 ರೂಪಾಯಿ, ತಿರುಳಿಗೆ 73 ರೂಪಾಯಿ ಸಿಕ್ಕಿದೆ. ಒಂದು ಕಿಲೋ ತಿರುಳಿಗೆ ಸುಮಾರು ಎರಡು ಕಿಲೋ ತೋತಾಪುರಿ ಬೇಕು. ಸಂಸ್ಕರಣೆ, ಪೀಪಾಯಿ, ಸಾಗಣೆಯ ಖರ್ಚು ಕಳೆದರೂ, ರಫ್ತಿನ ದರಕ್ಕೂ ಮಂಡಿಯ ದರಕ್ಕೂ ನಡುವಿನ ಅಂತರ ಸಣ್ಣದಲ್ಲ.

ತಾಜಾ ಹಣ್ಣು ಏಕೆ ಹೆಚ್ಚು ಹೋಗುವುದಿಲ್ಲ? ಮೊದಲ ಉತ್ತರ ಹಣ್ಣಿನ ಸ್ವಭಾವದಲ್ಲೇ ಇದೆ. ಮಾವನ್ನು ಸೇಬಿನಂತೆ ತಿಂಗಳುಗಟ್ಟಲೆ ಶೀತಲಗೃಹದಲ್ಲಿಡಲಾಗದು. 12-13 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಅದು ಚಳಿಗೆ ಕಪ್ಪಾಗುತ್ತದೆ, ಆಮೇಲೆ ಹಣ್ಣಾಗುವುದೂ ಇಲ್ಲ. ಆದ್ದರಿಂದ ಅಮೆರಿಕಕ್ಕೆ ಬಹುಪಾಲು ವಿಮಾನದಲ್ಲೇ ಕಳುಹಿಸಬೇಕು. ಆಗ ತೋಟದಲ್ಲಿ ಕೊಟ್ಟ ಬೆಲೆಗಿಂತ ವಿಮಾನದ ಬಾಡಿಗೆಯೇ ಹೆಚ್ಚಾಗುತ್ತದೆ. 2022ರಲ್ಲಿ ಮಹಾರಾಷ್ಟ್ರದಿಂದ ಅಮೆರಿಕಕ್ಕೆ ಹಡಗಿನಲ್ಲಿ ಮಾವು ಕಳುಹಿಸುವ ಪ್ರಯತ್ನ ನಡೆದಿದೆ. ಕೋಲಾರಕ್ಕೆ ಹತ್ತಿರದ ದೊಡ್ಡ ಬಂದರು ಚೆನ್ನೈ. ಆದರೆ ಕೊಲ್ಲಿ ರಾಷ್ಟ್ರಗಳಿರುವುದು ಪಶ್ಚಿಮಕ್ಕೆ. ಅಲ್ಲಿಂದ ಹೊರಟ ಹಡಗು ಶ್ರೀಲಂಕಾವನ್ನು ಸುತ್ತಿ ಹೋಗಬೇಕು. ಮುಂಬೈಯವರಿಗೆ ಈ ತೊಂದರೆಯಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದದ್ದು ಈ ಮಟ್ಟಿಗೆ ನಮಗೆ ಅನುಕೂಲ.

ಕಾಲದ ಪ್ರಶ್ನೆಯೂ ಇದೆ. ರತ್ನಾಗಿರಿ ಕಡೆಯ ಹಣ್ಣು ಬೇಸಿಗೆಯ ಆರಂಭದಲ್ಲೇ ಮಾರುಕಟ್ಟೆಗೆ ಬಂದು ಮೊದಲ ಬೆಲೆಯನ್ನು ಬಾಚಿಕೊಳ್ಳುತ್ತದೆ. ನಮ್ಮ ಬಾದಾಮಿ, ಬೇನಿಷಾ, ಮಲ್ಲಿಕಾ ಬರುವುದು ಮೇ ಮಧ್ಯದ ನಂತರ, ಜೂನ್‌ನಲ್ಲಿ ಭರಾಟೆ. ಅಷ್ಟರಲ್ಲಿ ಪಾಕಿಸ್ತಾನದ ಸಿಂಧ್ರಿ ಹಣ್ಣುಗಳೂ ದುಬೈ ಪೇಟೆಗೆ ಇಳಿದಿರುತ್ತವೆ. ಮೇಲಾಗಿ 2018ರಲ್ಲಿ ‘ಆಲ್ಫಾನ್ಸೋ’ ಹೆಸರಿಗೆ ಕೊಂಕಣದ ಜಿಲ್ಲೆಗಳು ಭೌಗೋಳಿಕ ಗುರುತು ಪಡೆದುಕೊಂಡವು. ಅದೇ ತಳಿಯಾದರೂ ನಮ್ಮದು ‘ಬಾದಾಮಿ’ಯಾಗಿಯೇ ಹೆಸರು ಸಂಪಾದಿಸಬೇಕು.

ನೊಣದ ರಾಜಕಾರಣ

ಇಷ್ಟೆಲ್ಲ ಹೇಳಿದ ಮೇಲೂ, ತಾಜಾ ಹಣ್ಣಿನ ರಫ್ತನ್ನು ನಿಜವಾಗಿ ಕಟ್ಟಿಹಾಕಿರುವುದು ದೂರವೂ ಅಲ್ಲ, ಸುಂಕವೂ ಅಲ್ಲ ಎಂಬುದು ಈ ಲೇಖನದ ಅಭಿಪ್ರಾಯ. ಸುಂಕವನ್ನೇ ನೋಡಿ. ಯೂರೋಪ್ ಒಕ್ಕೂಟ ತಾಜಾ ಮಾವಿನ ಮೇಲೆ ಆಮದು ಸುಂಕ ವಿಧಿಸುವುದಿಲ್ಲ. ಅಮೆರಿಕದ ಸಾಮಾನ್ಯ ಸುಂಕ ಕಿಲೋಗೆ ಏಳು ಸೆಂಟ್‌ಗಿಂತ ಕಡಿಮೆ. 2025ರಲ್ಲಿ ಅಮೆರಿಕ ಭಾರತದ ಸರಕಿನ ಮೇಲಿನ ಹೆಚ್ಚುವರಿ ಸುಂಕವನ್ನು ಶೇ 50ಕ್ಕೆ ಏರಿಸಿ ದೊಡ್ಡ ಸುದ್ದಿಯಾದಾಗ ಆಗಸ್ಟ್ ಕೊನೆ. ನಮ್ಮ ಮಾವಿನ ಕಾಲ ಮುಗಿದೇ ಹೋಗಿತ್ತು. ನಿಜವಾದ ಗೋಡೆ ಎರಡು ಕೀಟಗಳದ್ದು.

ಒಂದು, ಹಣ್ಣು ನೊಣ. ನಮ್ಮ ರೈತರು ರೇಷ್ಮೆಯ ಶತ್ರುವಿನ ಹೆಸರನ್ನೇ ಎರವಲು ಪಡೆದು ಇದನ್ನೂ ‘ಊಜಿ’ ಎನ್ನುವುದುಂಟು. ಬಲಿತ ಕಾಯಿಯ ಸಿಪ್ಪೆಯನ್ನು ಚುಚ್ಚಿ ಮೊಟ್ಟೆಯಿಡುತ್ತದೆ. ಮುಂಗಾರಿನ ಹನಿ ಬಿದ್ದೊಡನೆ ಇದರ ಹಾವಳಿ ಹೆಚ್ಚು. ಅಂದರೆ ನಮ್ಮ ಕೊಯ್ಲಿನ ಕಾಲವೇ ಇದರ ಸುಗ್ಗಿ. ಮತ್ತೊಂದು, ವಾಟೆ ಕೊರೆಯುವ ಮೂತಿಹುಳು. ಇದು ಇನ್ನೂ ಜಾಣ. ಹೀಚುಕಾಯಿಯ ಮೇಲೆ ಮೊಟ್ಟೆಯಿಡುತ್ತದೆ, ಮರಿ ಒಳಕ್ಕೆ ಕೊರೆದುಕೊಂಡು ಹೋಗಿ ವಾಟೆಯನ್ನು ಸೇರುತ್ತದೆ, ಹೊರಗಿನ ಗಾಯ ಮಾಯುತ್ತದೆ. ಹಣ್ಣು ನೋಡಲು ಸೊಗಸಾಗಿರುತ್ತದೆ, ಎಷ್ಟೋ ಸಲ ತಿನ್ನಲೂ ಅಡ್ಡಿಯಿಲ್ಲ. ವಾಟೆ ಒಡೆದಾಗ ಮಾತ್ರ ಕರಿಯ ಹುಳು ಕಾಣುತ್ತದೆ. ದಕ್ಷಿಣ ಭಾರತದ ತೋಟಗಳಲ್ಲಿ ಇದರ ಬಾಧೆ ಹೆಚ್ಚು.

ಈ ಕೀಟಗಳು ತಮ್ಮ ತೋಟಗಳಿಗೆ ಬರಬಾರದೆಂದು ಆಮದು ದೇಶಗಳು ಷರತ್ತು ವಿಧಿಸುತ್ತವೆ, ಮತ್ತು ಆ ಷರತ್ತು ದೇಶದಿಂದ ದೇಶಕ್ಕೆ ಬೇರೆ. 1986ರಲ್ಲಿ ನಮ್ಮ ಮಾವನ್ನು ನಿಷೇಧಿಸಿದ್ದ ಜಪಾನ್, ಎರಡು ದಶಕಗಳ ಬಳಿಕ 2006ರಲ್ಲಿ ಬಾಗಿಲು ತೆರೆದಾಗ ಆಯ್ದ ಕೆಲವೇ ತಳಿಗಳಿಗೆ ಅನುಮತಿಸಿತು. ಆಲ್ಫಾನ್ಸೋ, ಬಂಗನಪಲ್ಲಿ, ಮಲ್ಲಿಕಾ ಅವುಗಳಲ್ಲಿವೆ, ತೋತಾಪುರಿ ಇರಲಿಲ್ಲ. ಹಣ್ಣನ್ನು ಬಿಸಿ ಆವಿಯಲ್ಲಿಟ್ಟು, ಒಳಗಿನ ತಿರುಳು 47.5 ಡಿಗ್ರಿ ತಲುಪಿ 20 ನಿಮಿಷ ಅಲ್ಲೇ ನಿಲ್ಲಬೇಕೆಂಬುದು ಅದರ ನಿಯಮ. ಯೂರೋಪಿಗಾದರೆ 48 ಡಿಗ್ರಿಯ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸುವ ಕ್ರಮ ಬಳಕೆಯಲ್ಲಿದೆ. ಇದು ಜಾರಿಯಾದದ್ದು ಪೆಟ್ಟು ತಿಂದ ಮೇಲೆ. ಸರಕುಗಳಲ್ಲಿ ನೊಣದ ಮರಿಗಳು ಸಿಕ್ಕ ಕಾರಣ ಯೂರೋಪ್ ಒಕ್ಕೂಟವು 2014ರ ಮೇ 1ರಿಂದ ಭಾರತದ ಮಾವನ್ನು, ಬದನೆ, ಹಾಗಲ, ಪಡವಲ ಮುಂತಾದ ನಾಲ್ಕು ತರಕಾರಿಗಳೊಂದಿಗೆ ನಿಷೇಧಿಸಿತ್ತು. 2015ರ ಜನವರಿಯಲ್ಲಿ ಮಾವಿನ ಮೇಲಿನ ನಿಷೇಧ ತೆರವಾಯಿತು.

ಅಮೆರಿಕದ ಕಥೆ ಎಲ್ಲಕ್ಕಿಂತ ಬೋಧಪ್ರದ. 1989ರಿಂದ ಮುಚ್ಚಿದ್ದ ಬಾಗಿಲು 2007ರ ಏಪ್ರಿಲ್‌ನಲ್ಲಿ ತೆರೆಯಿತು. ಮುಖ್ಯ ಷರತ್ತು: ಹಣ್ಣಿಗೆ ಕನಿಷ್ಠ 400 ಗ್ರೇ ಪ್ರಮಾಣದ ವಿಕಿರಣ ಹಾಯಿಸಿರಬೇಕು. ಇದರಿಂದ ಹುಳು ಆ ಕ್ಷಣವೇ ಸಾಯಬೇಕೆಂದಿಲ್ಲ. ಅದರ ಸಂತಾನ ಬೆಳೆಯದಿದ್ದರೆ ಸಾಕು. ಹಣ್ಣು ವಿಕಿರಣಶೀಲವಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅದೇ ಅಮೆರಿಕ ಮೆಕ್ಸಿಕೋದ ಮಾವನ್ನು ಬರಿಯ ಬಿಸಿನೀರಿನಲ್ಲಿ ಅದ್ದಿದರೆ ಸಾಕೆಂದು ಒಪ್ಪುತ್ತದೆ. ಪಕ್ಷಪಾತವೆಂದು ಇಲ್ಲಿ ಗೊಣಗುವವರಿದ್ದಾರೆ, ಕಾರಣ ಅದಲ್ಲ. ಮೆಕ್ಸಿಕೋದಲ್ಲಿ ವಾಟೆ ಕೊರೆಯುವ ಮೂತಿಹುಳು ಇಲ್ಲ, ಮತ್ತು ವಾಟೆಯೊಳಗೆ ಕುಳಿತ ಹುಳುವಿಗೆ ಬಿಸಿನೀರು ತಾಗುವುದಿಲ್ಲ. ಮೆಕ್ಸಿಕೋದ ಹಣ್ಣು ಲಾರಿಯಲ್ಲಿ ಗಡಿ ದಾಟುತ್ತದೆ. ನಮ್ಮದು ವಿಕಿರಣ ಘಟಕ ಮತ್ತು ವಿಮಾನ, ಎರಡರ ಖರ್ಚನ್ನೂ ಹೊತ್ತು ಅದರ ಪಕ್ಕದಲ್ಲಿ ಕೂರಬೇಕು.

ಇಲ್ಲಿ ಮಾಲೂರು ಚಿತ್ರದೊಳಕ್ಕೆ ಬರುತ್ತದೆ. ಅಮೆರಿಕಕ್ಕೆ ಮಾವು ಕಳುಹಿಸಲು ಮಾನ್ಯತೆ ಪಡೆದ ದೇಶದ ಬೆರಳೆಣಿಕೆಯ ವಿಕಿರಣ ಘಟಕಗಳಲ್ಲಿ ಒಂದು ಮಾಲೂರಿನ ಇನ್ನೋವಾ ಅಗ್ರಿ ಬಯೋ ಪಾರ್ಕ್‌ನಲ್ಲಿದೆ. ಉಳಿದವು ಮಹಾರಾಷ್ಟ್ರದ ವಾಶಿ, ಲಾಸಲ್‌ಗಾಂವ್, ಗುಜರಾತಿನ ಬಾವ್ಲಾಗಳಂಥ ಕಡೆ. ಅಂದರೆ ದಕ್ಷಿಣದ ಮಾವಿನ ಸೀಮೆಗೆ ಅತಿ ಹತ್ತಿರದ ಬಾಗಿಲು ಕೋಲಾರ ಜಿಲ್ಲೆಯೊಳಗೇ ಇದೆ. ಶ್ರೀನಿವಾಸಪುರದ ತೋಟದಿಂದ ಮಾಲೂರಿಗೆ, ಅಲ್ಲಿಂದ ದೇವನಹಳ್ಳಿಗೆ ಒಂದೇ ದಿನದಲ್ಲಿ ಹಣ್ಣು ಸಾಗಿಸಬಹುದು. ಬಾಗಿಲು ಹತ್ತಿರವಿದ್ದ ಮಾತ್ರಕ್ಕೆ ನಮ್ಮ ಹಣ್ಣೆಲ್ಲ ಅದರಲ್ಲಿ ಹಾದುಹೋಗುತ್ತದೆಂದಲ್ಲ.

ವಿಕಿರಣದ ಜೊತೆ ಕಾಗದವೂ ಬೇಕು. ಕೋವಿಡ್ ಕಾಲದಲ್ಲಿ ಅಮೆರಿಕದ ತಪಾಸಣಾಧಿಕಾರಿಗಳು ಭಾರತಕ್ಕೆ ಬರಲಾಗದೆ 2020 ಮತ್ತು 2021ರಲ್ಲಿ ರಫ್ತೇ ನಿಂತಿತು, 2022ರಲ್ಲಿ ಪುನರಾರಂಭವಾಯಿತು. 2025ರ ಮೇ ತಿಂಗಳಲ್ಲಿ ನವಿ ಮುಂಬೈನಲ್ಲಿ ಸಂಸ್ಕರಿಸಿದ 15 ಸರಕುಗಳನ್ನು ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೋ, ಅಟ್ಲಾಂಟಾ ನಿಲ್ದಾಣಗಳಲ್ಲಿ ತಡೆಯಲಾಯಿತು. ಹಣ್ಣಿನಲ್ಲಿ ಹುಳುವಿತ್ತೆಂದಲ್ಲ, ವಿಕಿರಣ ಹಾಯಿಸಿದ್ದಕ್ಕೆ ಕೊಡುವ ನಮೂನೆಯಲ್ಲಿ ದೋಷವಿದೆಯೆಂದು. ಹಿಂದಕ್ಕೆ ತರಿಸುವ ಖರ್ಚು ಹಣ್ಣಿನ ಬೆಲೆಗಿಂತ ಹೆಚ್ಚೆಂದು ಲೆಕ್ಕಹಾಕಿ ರಫ್ತುದಾರರು ಅಲ್ಲಿಯೇ ನಾಶಪಡಿಸಲು ಒಪ್ಪಿದರು. ನಷ್ಟ ಸುಮಾರು ಐದು ಲಕ್ಷ ಡಾಲರ್.

ತೋಟ ಯಾರದು, ಸಹಿ ಯಾರದು?

ಯೂರೋಪಿಗೆ ಹೋಗುವ ಹಣ್ಣಿನಲ್ಲಿ ಕೀಟನಾಶಕದ ಶೇಷ ಎಷ್ಟಿರಬಹುದೆಂಬುದಕ್ಕೆ ಕಟ್ಟುನಿಟ್ಟಾದ ಮಿತಿಗಳಿವೆ. ನಮ್ಮಲ್ಲಿ ಬಹುಕಾಲ ಧಾರಾಳವಾಗಿ ಸಿಂಪಡಿಸಿದ ಕ್ಲೋರ್‌ಪೈರಿಫಾಸ್‌ಗೆ 2020ರ ಕೊನೆಯಿಂದ ಅಲ್ಲಿ ಕಿಲೋಗೆ 0.01 ಮಿಲಿಗ್ರಾಂ ಮಿತಿ. ಬಹುತೇಕ ‘ಇರಲೇಬಾರದು’ ಎಂಬಷ್ಟೇ ಅರ್ಥ. ಆದ್ದರಿಂದ ತೋಟ ನೋಂದಣಿಯಾಗಬೇಕು, ಯಾವ ದಿನ ಯಾವ ಔಷಧಿ ಹೊಡೆದರೆಂಬುದು ಪುಸ್ತಕದಲ್ಲಿರಬೇಕು, ಪೆಟ್ಟಿಗೆಯಿಂದ ತೋಟದವರೆಗೆ ಜಾಡು ಹಿಡಿಯುವಂತಿರಬೇಕು. ಕಾಗದದ ಮೇಲೆ ಇದು ಸುಲಭ.

ಕೋಲಾರದಲ್ಲಿ ಇದು ಏಕೆ ಕಷ್ಟವೆಂಬುದಕ್ಕೆ ಉತ್ತರ ಕೃಷಿ ವಿಜ್ಞಾನದಲ್ಲಿಲ್ಲ, ನಮ್ಮ ಗುತ್ತಿಗೆಯ ಪದ್ಧತಿಯಲ್ಲಿದೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಬತ್ತಿದ ನಾಡಿನಲ್ಲಿ ಮಳೆಯಾಶ್ರಯದಲ್ಲೇ ಬದುಕುವ ಮಾವು ಅನೇಕರಿಗೆ ಉಳಿದಿರುವ ಏಕೈಕ ಆಸರೆ. ಆದರೆ ಹೂ ಕಟ್ಟುವ ಹೊತ್ತಿಗೆ ರೈತನ ಕೈಯಲ್ಲಿ ಹಣವಿರುವುದಿಲ್ಲ. ಹೂವನ್ನೋ ಹೀಚನ್ನೋ ನೋಡಿ ವ್ಯಾಪಾರಿ ಮುಂಗಡ ಕೊಟ್ಟು ಇಡೀ ತೋಟದ ಫಸಲನ್ನು ಹಿಡಿಯುತ್ತಾನೆ. ಅಂದಿನಿಂದ ಔಷಧಿ ಹೊಡೆಯುವವನು, ಕಾವಲು ಕಾಯುವವನು, ಕಾಯಿ ಕೀಳಿಸುವವನು ಅವನೇ. ತೋಟ ರೈತನ ಹೆಸರಿನಲ್ಲಿ, ಸಿಂಪಡಣೆಯ ಲೆಕ್ಕ ವ್ಯಾಪಾರಿಯ ತಲೆಯಲ್ಲಿ. ಒಂದೇ ಋತುವಿಗೆ ಬಂದವನಿಗೆ ಬಿದ್ದ ಹಣ್ಣನ್ನು ಆರಿಸಿ ಹೂಳುವ, ನೊಣದ ಬಲೆ ಕಟ್ಟುವ, ಮರ ಸವರುವ ಕೆಲಸಗಳಲ್ಲಿ ಆಸಕ್ತಿಯಿರಬೇಕೆಂದು ನಿರೀಕ್ಷಿಸುವುದೂ ತಪ್ಪು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಬಲೆಗಳ ಬಗ್ಗೆ ಬಹಳ ವರ್ಷಗಳಿಂದ ಹೇಳುತ್ತ ಬಂದಿದೆ. ಗಂಡು ನೊಣವನ್ನು ಆಕರ್ಷಿಸುವ ರಾಸಾಯನಿಕವಿಟ್ಟ ಸಣ್ಣ ಡಬ್ಬಿ, ಅಷ್ಟೆ. ಆದರೆ ಪಕ್ಕದ ತೋಟದವರೂ ಕಟ್ಟದೆ ಹೋದರೆ ಒಬ್ಬನ ಬಲೆಯಿಂದ ಪ್ರಯೋಜನ ಅಲ್ಪ.

ಕೇಂದ್ರ ಸರ್ಕಾರವು 2025ರ ಜೂನ್‌ನಲ್ಲಿ ಕರ್ನಾಟಕದ 2.5 ಲಕ್ಷ ಟನ್ ತೋತಾಪುರಿಗೆ ಕ್ವಿಂಟಲ್‌ಗೆ 1,616 ರೂಪಾಯಿಯನ್ನು ಆಧಾರ ದರವಾಗಿಟ್ಟು, ಬೆಲೆ ವ್ಯತ್ಯಾಸದ ಒಂದು ಭಾಗವನ್ನು ರಾಜ್ಯದೊಂದಿಗೆ ಸಮನಾಗಿ ಹಂಚಿಕೊಂಡು ತುಂಬಿಕೊಡಲು ಒಪ್ಪಿತು. ಬೆಳೆಯುವ ಖರ್ಚೇ ಕ್ವಿಂಟಲ್‌ಗೆ 5,466 ರೂಪಾಯಿಯೆಂದು ರಾಜ್ಯ ಹೇಳಿತ್ತು. ಆ ನೆರವು ಒಂದು ವರ್ಷದ ಗಾಯಕ್ಕೆ ಪಟ್ಟಿ. ಚಿತ್ತೂರಿನ ಬಾಗಿಲು ಮತ್ತೆ ಮುಚ್ಚಿದರೆ ಹಣ್ಣು ಎಲ್ಲಿಗೆ ಹೋಗಬೇಕೆಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಶ್ರೀನಿವಾಸಪುರದಲ್ಲೇ ದೊಡ್ಡ ತಿರುಳು ಘಟಕಗಳಿದ್ದಿದ್ದರೆ ಗಡಿಯ ಠಾಣೆಯಲ್ಲಿ ಲಾರಿ ನಿಲ್ಲಿಸುವ ಪ್ರಮೇಯವೇ ಬರುತ್ತಿರಲಿಲ್ಲ ಎಂಬ ಬೆಳೆಗಾರರ ವಾದದಲ್ಲಿ ಹುರುಳಿದೆ. ಆದರೆ ಕಾರ್ಖಾನೆಯೊಂದು ವರ್ಷದಲ್ಲಿ ಎರಡು ತಿಂಗಳು ಮಾತ್ರ ಓಡಿದರೆ ಬದುಕಲಾರದು. ಚಿತ್ತೂರಿನವರು ಸೀಬೆ, ಪಪಾಯಿಗಳ ತಿರುಳನ್ನೂ ತೆಗೆಯುತ್ತಾರೆ. ಕೋಲಾರದಲ್ಲಿ ಆ ಜಾಗವನ್ನು ತುಂಬಬಲ್ಲ ಬೆಳೆ ಟೊಮೆಟೊ. ದರ ಬಿದ್ದಾಗ ಅದೂ ಇಲ್ಲಿ ರಸ್ತೆಬದಿಯನ್ನೇ ಸೇರುತ್ತದೆ. ಮಾವು ಮತ್ತು ಟೊಮೆಟೊ ಎರಡನ್ನೂ ಅರೆಯಬಲ್ಲ ಯಂತ್ರಗಳು ಹೊಸದೇನಲ್ಲ.

ಜೂನ್‌ನ ಗದ್ದಲದಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆ ಉತ್ತರಕ್ಕಾಗಿ ಕಾಯುವುದು ಜನವರಿಯಲ್ಲಿ, ಮರಗಳು ಹೂ ಬಿಡುವಾಗ. ಮುಂಗಡದ ಹಣ ಹಿಡಿದು ವ್ಯಾಪಾರಿ ತೋಟದ ಬೇಲಿಗೆ ಬರುವುದು ಆಗಲೇ. ಅದೇ ಹೊತ್ತಿಗೆ ರೈತನಿಗೆ ಸೊಸೈಟಿಯಿಂದಲೋ ಬ್ಯಾಂಕಿನಿಂದಲೋ ನಾಲ್ಕು ತಿಂಗಳ ಸಾಲ ಸಿಕ್ಕಿದರೆ ಫಸಲು ಅವನ ಕೈಯಲ್ಲೇ ಉಳಿಯುತ್ತದೆ, ಸಿಂಪಡಣೆಯ ಪುಸ್ತಕವೂ ಅವನದೇ ಆಗುತ್ತದೆ. ಸಿಗದಿದ್ದರೆ ಮಾಲೂರಿನ ಘಟಕದ ನೋಂದಣಿ ಹಾಳೆಯಲ್ಲಿ ಅವನ ಹೆಸರು ಬರುವುದು ಕಷ್ಟ.